ಕೈಪಿಡಿಯೂ ಕೈಯೂ

ಆರು ಅಡಿ ಎತ್ತರದ ಮನುಷ್ಯನನ್ನು ಒಂದು ಅಂಗುಲಕ್ಕೆ ಇಳಿಸಿದರೆ ೭೨ರಲ್ಲಿ ೧ರ ಪ್ರಮಾಣವಾಗುವುದು. ಈ ಪ್ರಮಾಣಕ್ಕೋ, ಇದಕ್ಕಿಂತ ಹಿರಿದಾದ ೪೮ರಲ್ಲಿ ೧, ೩೨ರಲ್ಲಿ ೧ ಎಂಬ ಪ್ರಮಾಣಗಳಿಗೋ ಸರಿಹೋಗುವಂತೆ ನಿಜವಾದ ವಿಮಾನವೊಂದನ್ನು ಕುಗ್ಗಿಸಿ, ಅದರ ಒಡಲು, ರೆಕ್ಕೆ, ಎಂಜಿನು, ಚಾಲಕನ ಪೀಠ, ಚಕ್ರ ಮೊದಲಾದ ಅಂಗಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬಿಡಿಬಿಡಿಯಾಗಿ ಎರಕ ಹೊಯ್ದು, ಪೆಟ್ಟಿಗೆಯಲ್ಲಿ ತುಂಬಿ ಮಾರುವ ಪದ್ಧತಿಯು ಪಾಶ್ಚಾತ್ಯ ದೇಶಗಳಲ್ಲಿಯೂ ಜಪಾನಿನಲ್ಲಿಯೂ ಬಹುಕಾಲದಿಂದ ನಡೆದುಬಂದಿದೆ. ಇಂಥ ಪೆಟ್ಟಿಗೆಗೆ ಕಿಟ್ ಎಂದು ಹೆಸರು. ಇಂಗ್ಲೆಂಡಿನಲ್ಲಿ ಫ್ರಾಗ್ ಎಂಬ ಹೆಸರಿನ ತಯಾರಕರು ೧೯೩೬ರಲ್ಲಿ ‘ಪೆಂಗ್ವಿನ್’ ಎಂಬ ಪ್ಲಾಸ್ಟಿಕ್ ಕಿಟ್ಟುಗಳನ್ನು ಹೊರತಂದರು. ೧೯೫೩ರಲ್ಲಿ ಏರ್‌ಫಿಕ್ಸ್ ಸಂಸ್ಥೆಯ ಸ್ಪಿಟ್‌ಫೈರ್ ಎರಡು ಷಿಲಿಂಗಿಗೆ ದೊರೆಯುತ್ತಿದ್ದಿತು. ಶಾಲೆಯ ಹುಡುಗನು ಒಂದು ಸಂಜೆ ಕುಳಿತು ಅದನ್ನು ಅಂಟಿಸಿ ಮುಗಿಸಬಹುದಾಗಿದ್ದಿತು. ಇಂದಿನ ಪೆಟ್ಟಿಗೆಗಳಲ್ಲಿ ಕೆಲವು ಹಾಗಲ್ಲ. ನೂರಾರು ಭಾಗಗಳು, ಅವುಗಳಲ್ಲಿ ಹಲವು ಚಿಮಟಿಗೆಯಿಂದಲ್ಲದೆ ಎತ್ತಲಾಗದಂಥವು. ಕಟ್ಟುವವರೂ ಬಹುಮಟ್ಟಿಗೆ ಬಾಲಕರಲ್ಲ. ನಡುವಯಸ್ಸು ದಾಟಿದ ಗೃಹಸ್ಥರು. ಒಂದು ವಿಮಾನಕ್ಕೆ ಆರು ತಿಂಗಳು ಹಿಡಿದರೆ ಅವರು ಅದನ್ನು ವಿಳಂಬವೆಂದು ಎಣಿಸುವುದಿಲ್ಲ.

ಪೆಟ್ಟಿಗೆಯೊಳಗೆ ತಯಾರಕರೇ ಇರಿಸಿದ ಸೂಚನಾಪತ್ರವೊಂದಿರುವುದು. ಯಾವ ಭಾಗದ ಮೇಲೆ ಯಾವ ಭಾಗವನ್ನು ಕೂರಿಸಬೇಕೆಂಬುದನ್ನು ಅದು ಅಂಕಿಗಳಿಂದಲೂ ಬಾಣದ ಗುರುತುಗಳಿಂದಲೂ ತೋರಿಸುವುದೇ ಹೊರತು ಹೆಚ್ಚು ಮಾತನಾಡುವುದಿಲ್ಲ. ಕಠಿಣವಾದ ಕಿಟ್ಟುಗಳಿಗೆ ಇಷ್ಟು ಸಾಲದೆಂದು ಪ್ರತ್ಯೇಕ ಕೈಪಿಡಿಗಳು ಹುಟ್ಟಿಕೊಂಡಿವೆ. ನುರಿತವನೊಬ್ಬನು ಆ ಕಿಟ್ಟನ್ನೇ ಮೊದಲಿಂದ ಕೊನೆಯವರೆಗೆ ಕಟ್ಟಿ, ಹೆಜ್ಜೆಹೆಜ್ಜೆಗೂ ಛಾಯಾಚಿತ್ರ ತೆಗೆದು, ತಾನು ಎಲ್ಲಿ ಎಡವಿದೆನು, ಹೇಗೆ ಸರಿಪಡಿಸಿದೆನು ಎಂಬುದನ್ನು ಬರೆದಿಟ್ಟ ಪುಸ್ತಕಗಳು ಅವು. ಇವುಗಳ ವಿಷಯದಲ್ಲಿ ಹವ್ಯಾಸಿಗಳು ಎರಡು ಪಕ್ಷವಾಗಿರುವರು. ಕೈಪಿಡಿಯನ್ನು ತೆರೆದಿಟ್ಟುಕೊಂಡು ಕಟ್ಟಿದವನು ತಾನು ಕಟ್ಟಿದೆನೆಂದು ಹೇಳಿಕೊಳ್ಳಲಾಗದು, ಅವನ ಕೈ ಮತ್ತೊಬ್ಬನ ಕೈಯ ನೆರಳು ಎಂಬುದು ಒಂದು ಪಕ್ಷ. ಬೆಲೆಯುಳ್ಳ ಕಿಟ್ಟನ್ನು ಅರಿವಿಲ್ಲದೆ ಕತ್ತರಿಸಿ ಕೆಡಿಸುವುದು ಶೌರ್ಯವಲ್ಲ, ಅವಿವೇಕ ಎಂಬುದು ಇನ್ನೊಂದು ಪಕ್ಷ. ಆಟದ ಸಾಮಾನಿನ ವಿಷಯದಲ್ಲಿ ಇಷ್ಟು ತರ್ಕವೇಕೆ ಎಂದು ನಗುವವರೂ ಉಂಟು. ಆದರೆ ಅಡುಗೆ, ವೀಣೆ, ವೈದ್ಯ, ವ್ಯಾಕರಣ, ಹೀಗೆ ಕೈಯೂ ಗ್ರಂಥವೂ ಕೂಡುವ ಎಡೆಯಲ್ಲೆಲ್ಲ ಈ ಪ್ರಶ್ನೆಯೇ ನಿಂತಿರುವುದು. ಸಣ್ಣ ವಸ್ತುವಿನಲ್ಲಿ ಅದು ಹೆಚ್ಚು ಸ್ಫುಟವಾಗಿ ಕಾಣುವುದು, ಅಷ್ಟೆ.

ಮೊದಲನೆಯ ಪಕ್ಷದ ಆಕ್ಷೇಪವು ಕರ್ತೃತ್ವವನ್ನು ಕುರಿತದ್ದು. ಇದು ತಳ್ಳಿಹಾಕತಕ್ಕ ಮಾತಲ್ಲ. ಪಾಣಿನಿಯ ವ್ಯಾಕರಣದಲ್ಲಿ ಕರ್ತೃವೆಂದರೆ ಕ್ರಿಯೆಯಲ್ಲಿ ಸ್ವತಂತ್ರನಾದವನು. ಪುಸ್ತಕವು ಹೇಳಿದಂತೆ ಕತ್ತರಿಸಿ, ಹೇಳಿದಂತೆ ಅಂಟಿಸಿ, ಹೇಳಿದ ಬಣ್ಣವನ್ನೇ ಬಳಿದವನಲ್ಲಿ ಸ್ವಾತಂತ್ರ್ಯವೆಲ್ಲಿ ಉಳಿಯಿತು? ಆದರೆ ಅದೇ ವ್ಯಾಕರಣಶಾಸ್ತ್ರವು ಪ್ರೇರಣೆಯ ಪ್ರಸಂಗವನ್ನೂ ವಿಚಾರಿಸಿದೆ. ದೇವದತ್ತನು ಯಜ್ಞದತ್ತನಿಂದ ಅಡುಗೆ ಮಾಡಿಸುವಾಗ ದೇವದತ್ತನು ಪ್ರಯೋಜಕ ಕರ್ತೃ, ಯಜ್ಞದತ್ತನು ಪ್ರಯೋಜ್ಯ ಕರ್ತೃ. ಪ್ರೇರಿತನಾದ ಮಾತ್ರಕ್ಕೆ ಯಜ್ಞದತ್ತನ ಕರ್ತೃತ್ವವು ಅಳಿಯದು. ಅವನು ಒಲ್ಲೆನೆಂದರೆ ಅಡುಗೆಯಿಲ್ಲ. ಉರಿಯನ್ನು ತಗ್ಗಿಸುವವನೂ, ಅಗುಳನ್ನು ಹಿಸುಕಿ ನೋಡುವವನೂ, ಇನ್ನೂ ಬೆಂದಿಲ್ಲವೆಂದು ನಿರ್ಣಯಿಸುವವನೂ ಅವನೇ. ಅವನ ಕೈಯ ಸೌಟಿಗೆ ಮಾತ್ರ ಕರ್ತೃತ್ವವಿಲ್ಲ, ಸೌಟು ಒಲ್ಲೆನೆನ್ನಲಾರದು, ಅದು ಕರಣ. ಆದುದರಿಂದ ಕೇಳತಕ್ಕ ಪ್ರಶ್ನೆಯು ಕೈಪಿಡಿ ಬೇಕೆ ಬೇಡವೆ ಎಂಬುದಕ್ಕಿಂತ ಸ್ವಲ್ಪ ಬೇರೆಯಾದದ್ದು. ಕೈಪಿಡಿಯನ್ನು ಓದಿ ಕಟ್ಟುವವನು ಯಜ್ಞದತ್ತನಾಗಿ ಉಳಿಯುವನೋ, ಸೌಟಾಗುವನೋ?

ಇದನ್ನು ತಿಳಿಯಬೇಕಾದರೆ ಕಾಠಿಣ್ಯವೆಂಬುದು ಎಲ್ಲಿರುವುದೆಂದು ಮೊದಲು ನೋಡಬೇಕು. ಕೆಲವು ಕಿಟ್ಟುಗಳ ಕಾಠಿಣ್ಯವು ಎರಕದ ದೋಷದಿಂದ ಬಂದದ್ದು. ಸ್ವಲ್ಪವೇ ಪ್ರತಿಗಳನ್ನು ತೆಗೆಯುವ ಸಣ್ಣ ತಯಾರಕರ ಕಿಟ್ಟುಗಳಲ್ಲಿ, ಭಾಗವನ್ನು ಭಾಗಕ್ಕೆ ಕೂಡಿಸುವಾಗ ಸ್ಥಾನ ತೋರಿಸುವ ಮೊಳೆಯಾಗಲಿ ಕುಳಿಯಾಗಲಿ ಅನೇಕ ವೇಳೆ ಇರುವುದಿಲ್ಲ, ಅಂಚುಗಳು ದಪ್ಪವಾಗಿರುವುವು, ರೆಕ್ಕೆಯ ಬುಡಕ್ಕೂ ಒಡಲಿಗೂ ನಡುವೆ ಸಂದು ಬಿಡುವುದು. ೭೨ರಲ್ಲಿ ೧ರ ಪ್ರಮಾಣದಲ್ಲಿ ಒಂದು ಮಿಲಿಮೀಟರಿನ ಸಂದೆಂದರೆ ನಿಜವಾದ ವಿಮಾನದಲ್ಲಿ ೭೨ ಮಿಲಿಮೀಟರ್; ಕೈ ತೂರುವಷ್ಟು ಬಿರುಕು. ಒಳಗಡೆ ಇಷ್ಟು ಹೆರೆದು ಅನಂತರ ಕೂಡಿಸಿ ಎಂದು ಕೈಪಿಡಿಯು ಹೇಳಿದರೆ, ಅದನ್ನು ಕೇಳುವುದರಲ್ಲಿ ಅವಮಾನವೇನೂ ಇಲ್ಲ. ಬಾವಿಕಟ್ಟೆಯ ಕಲ್ಲೊಂದು ಪಾಚಿ ಹಿಡಿದು ಜಾರುವುದೆಂದು ಮೊದಲು ಬಿದ್ದವನು ಉಳಿದವರಿಗೆ ಕೂಗಿ ಹೇಳುವುದಿಲ್ಲವೆ? ಅದನ್ನು ಕೇಳದೆ ತಾನೂ ಜಾರಿಬಿದ್ದೇ ಕಲಿಯುವೆನೆಂಬುವನಿಗೆ ಸೊಂಟದ ನೋವಲ್ಲದೆ ಬೇರೆ ವಿದ್ಯೆಯೇನೂ ಬಾರದು. ಇಂಥ ಕಾಠಿಣ್ಯದ ವಿಷಯದಲ್ಲಿ ವಾದವು ಇಷ್ಟಕ್ಕೇ ಮುಗಿಯಿತು.

ಮತ್ತೊಂದು ಬಗೆಯ ಕಾಠಿಣ್ಯವು ಕಿಟ್ಟಿನದಲ್ಲ, ವಿಮಾನದ್ದೇ. ೧೯೧೪ರಿಂದ ೧೯೧೮ರ ಮಹಾಯುದ್ಧದ ಕಾಲದ ಎರಡಂತಸ್ತಿನ ರೆಕ್ಕೆಯ ವಿಮಾನಗಳು ಇದಕ್ಕೆ ಉತ್ತಮವಾದ ನಿದರ್ಶನ. ನ್ಯೂಜಿಲೆಂಡಿನ ವಿಂಗ್‌ನಟ್ ವಿಂಗ್ಸ್ ಸಂಸ್ಥೆಯು ೨೦೦೯ರಿಂದ ಆ ಕಾಲದ ವಿಮಾನಗಳನ್ನು ೩೨ರಲ್ಲಿ ೧ರ ಪ್ರಮಾಣದಲ್ಲಿ ಹೊರತರುತ್ತಿದ್ದಿತು; ೨೦೨೦ರಲ್ಲಿ ಮುಚ್ಚಿಹೋಯಿತು. ಅವುಗಳಲ್ಲಿ ಸಾಪ್‌ವಿತ್ ಕ್ಯಾಮೆಲ್ ಒಂದು. ಭಾರತೀಯನಾದ ಹರ್ದಿತ್ ಸಿಂಗ್ ಮಲಿಕ್ ೧೯೧೭ರಲ್ಲಿ ಬ್ರಿಟಿಷ್ ವಾಯುದಳದ ೨೮ನೆಯ ತುಕಡಿಯಲ್ಲಿ ಹಾರಿಸಿದ್ದು ಈ ಜಾತಿಯ ಯಂತ್ರವನ್ನೇ. ಅದರ ರೆಕ್ಕೆಯ ಹರವು ೨೮ ಅಡಿ. ಕಿಟ್ಟಿನಲ್ಲಿ ಹತ್ತೂವರೆ ಅಂಗುಲ. ಮೇಲಿನ ರೆಕ್ಕೆಗೂ ಕೆಳಗಿನ ರೆಕ್ಕೆಗೂ ನಡುವೆ ಕಂಬಗಳು. ಕಂಬಗಳ ನಡುವೆ ಅಡ್ಡಡ್ಡವಾಗಿ ಬಿಗಿದ ತಂತಿಗಳು. ಕಟ್ಟುವವನು ಕೂದಲೆಳೆಯಂಥ ದಾರಗಳನ್ನು ತೆಗೆದುಕೊಂಡು ಈ ತಂತಿಗಳನ್ನು ಒಂದೊಂದಾಗಿ ಎಳೆಯಬೇಕು. ಒಂದನ್ನು ಬಿಗಿದಾಗ ಮತ್ತೊಂದು ಸಡಿಲವಾಗುವುದು. ಬೆರಳು ತಾಗಿದರೆ ಕಂಬ ಕಳಚುವುದು. ಎಷ್ಟೋ ಮಂದಿ ಇಡೀ ಜೀವಮಾನದಲ್ಲಿ ಒಂದೇ ಒಂದು ಎರಡಂತಸ್ತಿನ ವಿಮಾನವನ್ನೂ ಕಟ್ಟದೆ ಉಳಿಯುವುದು ಈ ತಂತಿಗಳ ಭಯದಿಂದ.

ಇಲ್ಲಿ ಎರಡು ಬಗೆಯ ಕೈಪಿಡಿಗಳು ಸಾಧ್ಯ. ಇಂಥ ರಂಧ್ರದಿಂದ ಇಂಥ ರಂಧ್ರಕ್ಕೆ ದಾರವನ್ನು ಎಳೆಯಿರಿ, ಆಮೇಲೆ ಇಂಥದಕ್ಕೆ, ಆಮೇಲೆ ಇಂಥದಕ್ಕೆ ಎಂದು ವಿಧಿಸುವುದು ಒಂದು ಬಗೆ. ಓದುಗನು ನಲವತ್ತು ಸಲ ವಿಧೇಯನಾದರೆ ವಿಮಾನ ಮುಗಿಯುವುದು; ಮುಂದಿನ ವಿಮಾನಕ್ಕೆ ಅವನು ಮತ್ತೆ ಮೊದಲಿನಷ್ಟೇ ಅಜ್ಞನು. ಇನ್ನೊಂದು ಬಗೆಯ ಕೈಪಿಡಿಯು ತಂತಿಯ ಕಾರಣವನ್ನು ಹೇಳುವುದು. ಹಾರುವಾಗ ಗಾಳಿಯು ರೆಕ್ಕೆಯನ್ನು ಮೇಲಕ್ಕೆ ಎತ್ತುವುದಷ್ಟೆ. ಆಗ ರೆಕ್ಕೆಯು ಮಡಿಚಿಕೊಳ್ಳದಂತೆ ಒಡಲಿನ ಕೆಳಭಾಗದಿಂದ ಮೇಲಿನ ರೆಕ್ಕೆಯ ಹೊರತುದಿಯ ಕಡೆಗೆ ಏರುವ ತಂತಿಗಳು ಹಿಡಿದುಕೊಳ್ಳುವುವು. ಇವು ಹಾರಾಟದ ತಂತಿಗಳು. ಇವುಗಳ ಮೇಲೆ ಪ್ರಾಣವೇ ನಿಂತಿರುವುದರಿಂದ ಹಲವು ಬ್ರಿಟಿಷ್ ಯಂತ್ರಗಳಲ್ಲಿ ಇವನ್ನು ಜೋಡಿಜೋಡಿಯಾಗಿ ಬಿಗಿಯುತ್ತಿದ್ದರು. ನೆಲದ ಮೇಲೆ ನಿಂತಾಗ ರೆಕ್ಕೆಯು ತನ್ನ ಭಾರದಿಂದಲೇ ಜೋಲುವುದು. ಅದನ್ನು ಎತ್ತಿಹಿಡಿಯಲು ಮೇಲಿನ ರೆಕ್ಕೆಯ ನಡುವಿನಿಂದ ಕೆಳಗಿನ ರೆಕ್ಕೆಯ ಹೊರತುದಿಯ ಕಡೆಗೆ ಇಳಿಯುವ ತಂತಿಗಳು. ಇವು ಇಳಿದಾಣದ ತಂತಿಗಳು. ಮುಂಗಂಬಕ್ಕೂ ಹಿಂಗಂಬಕ್ಕೂ ನಡುವೆ ಕತ್ತರಿಯಾಕಾರವಾಗಿ ಬಿಗಿದವು ರೆಕ್ಕೆಯು ತಿರುಚಿಕೊಳ್ಳದಂತೆ ತಡೆಯತಕ್ಕವು. ಆ ಬ್ರಿಟಿಷ್ ತಂತಿಗಳು ದುಂಡಗೂ ಇರಲಿಲ್ಲ. ಗಾಳಿಯನ್ನು ಸೀಳುವಂತೆ ಅವರೆಕಾಳಿನ ಹಾಗೆ ಚಪ್ಪಟೆಯಾಗಿದ್ದುವು. ಆದುದರಿಂದ ಅಂಚು ಮುಂದಕ್ಕಿರಬೇಕು. ಇಷ್ಟನ್ನು ಗ್ರಹಿಸಿದವನು ಪುಸ್ತಕವನ್ನು ಮುಚ್ಚಿಟ್ಟರೂ ಮುಂದಿನ ತಂತಿಯು ಎಲ್ಲಿಗೆ ಹೋಗತಕ್ಕದ್ದೆಂದು ಊಹಿಸಬಲ್ಲನು. ಕ್ಯಾಮೆಲ್‌ನಲ್ಲಿ ಮೇಲಿನ ರೆಕ್ಕೆ ಅತ್ತಿಂದಿತ್ತ ನೇರವಾಗಿಯೂ ಕೆಳಗಿನ ರೆಕ್ಕೆ ತುದಿಯ ಕಡೆಗೆ ಮೇಲೇರಿಯೂ ಇರುವುದನ್ನು ಕಂಡಾಗ, ಇದು ಎರಕದ ತಪ್ಪೆಂದು ಬಗ್ಗಿಸಲು ಹೊರಡುವುದಿಲ್ಲ. ಮೇಲಿನ ರೆಕ್ಕೆಯ ತಯಾರಿಕೆ ಸುಲಭವಾಗಲೆಂದು ಅದನ್ನು ನೇರವಾಗಿಟ್ಟು, ಬೇಕಾದ ಓರೆಯನ್ನೆಲ್ಲ ಕೆಳಗಿನದಕ್ಕೇ ಕೊಟ್ಟರೆಂಬ ಕಾರಣವು ಅವನಿಗೆ ತಿಳಿದಿರುವುದು.

ಪಾಠಶಾಲೆಯಲ್ಲಿ ಓದಿದವರಿಗೆ ಈ ಭೇದವು ಹೊಸದಲ್ಲ. ಸುಮಾರು ನಾಲ್ಕು ಸಾವಿರ ಸೂತ್ರಗಳ ಅಷ್ಟಾಧ್ಯಾಯಿಯನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ಒಂದು ಶಬ್ದವನ್ನು ಸಾಧಿಸುವ ಶಕ್ತಿ ಬಾರದು. ಸೂತ್ರವು ಒಮ್ಮೆ ಹೇಳಿದ ಪದವನ್ನು ಮತ್ತೆ ಹೇಳದು. ಹಿಂದಿನಿಂದ ಅನುವೃತ್ತಿ ತಂದುಕೊಳ್ಳಬೇಕು. ಕಿಟ್ಟಿನ ಸೂಚನಾಪತ್ರವೂ ಹೀಗೆಯೇ ಜಿಪುಣ. ಬಲರೆಕ್ಕೆಗೆ ಹೇಳಿದ್ದನ್ನು ಎಡರೆಕ್ಕೆಗೆ ಕಟ್ಟುವವನೇ ತಂದುಕೊಳ್ಳಬೇಕು. ಪತಂಜಲಿಯ ಮಹಾಭಾಷ್ಯವು ಸೂತ್ರಕ್ಕೆ ಬರಿಯ ಅರ್ಥವನ್ನು ಬರೆಯಲಿಲ್ಲ. ಈ ಪದವೇಕೆ ಬೇಕು, ಇಲ್ಲದಿದ್ದರೆ ಏನು ಕೆಡುವುದು ಎಂದು ಕೇಳಿ, ಆಕ್ಷೇಪವನ್ನು ತಾನೇ ಎತ್ತಿ, ತಾನೇ ಪರಿಹರಿಸಿ, ಓದುವವನನ್ನು ವಾದದಲ್ಲಿ ಪಾಲುಗಾರನನ್ನಾಗಿ ಮಾಡಿತು. ಭಾಷ್ಯವನ್ನು ಓದಿದವನು ವೈಯಾಕರಣನಲ್ಲ, ಪತಂಜಲಿಯ ನೆರಳು ಎಂದು ಯಾರೂ ಹೇಳಿದ್ದಿಲ್ಲ. ಪರೀಕ್ಷೆಗೆಂದು ಉತ್ತರಗಳನ್ನು ಅಚ್ಚು ಹಾಕಿದ ಪುಸ್ತಕವನ್ನು ನೆಚ್ಚಿದವನ ವಿಷಯದಲ್ಲಾದರೋ ಹಾಗೆ ಹೇಳಿದರೆ ಅನ್ಯಾಯವಾಗದು.

ಎರಡನೆಯ ಪಕ್ಷದವರೂ ಯೋಚಿಸಬೇಕಾದುದೊಂದುಂಟು. ಕೈಪಿಡಿಯು ಶಬ್ದಪ್ರಮಾಣ; ಆಪ್ತವಾಕ್ಯವಾದರೆ ಮಾತ್ರ ಅದು ಪ್ರಮಾಣ. ವಸ್ತುವನ್ನು ತಾನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ತಿಳಿಸುವ ಇಚ್ಛೆಯುಳ್ಳವನು ಆಪ್ತನೆಂದು ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನ ಮತ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಉದಾರವಾಗಿ ಸೇರಿಸಿರುವನು. ವಿಮಾನದ ಕೈಪಿಡಿಯನ್ನು ಬರೆದವನು ಯಾವುದನ್ನು ಸಾಕ್ಷಾತ್ತಾಗಿ ಕಂಡನು? ಕಿಟ್ಟನ್ನು ಕಂಡನು, ಅದರ ವಿಷಯದಲ್ಲಿ ಆಪ್ತನು. ನೂರು ವರ್ಷದ ಹಿಂದಿನ ವಿಮಾನವನ್ನು ಬಹುಮಟ್ಟಿಗೆ ಛಾಯಾಚಿತ್ರದಲ್ಲಿ ಕಂಡನು. ಆ ಕಾಲದ ಛಾಯಾಫಲಕಗಳಲ್ಲಿ ಹಲವಕ್ಕೆ ಕೆಂಪು ಬಣ್ಣವು ಕಾಣಿಸುತ್ತಲೇ ಇರಲಿಲ್ಲ. ಕೆಂಪು ಕಪ್ಪಾಗಿಯೂ ನೀಲಿ ಬಿಳಿದಾಗಿಯೂ ಮೂಡುತ್ತಿದ್ದಿತು. ಇದನ್ನರಿಯದೆ ಚಿತ್ರವನ್ನು ನೋಡಿ ಬಣ್ಣವನ್ನು ಹೇಳಿದವನು ಸತ್ಯವಂತನಾಗಿದ್ದೂ ತಪ್ಪು ಹೇಳುವನು. ಜಪಾನಿನ ಜೀರೋ ವಿಮಾನದ ಮೊದಲ ದಿನಗಳ ಬಣ್ಣವು ತಿಳಿಬೂದೆಂದು ಬಹುಕಾಲ ಪುಸ್ತಕಗಳು ಹೇಳಿದುವು. ಪುಸ್ತಕದಿಂದ ಪುಸ್ತಕಕ್ಕೆ ಆ ಮಾತು ಹರಿಯಿತು. ಲೆಕ್ಕವಿಲ್ಲದಷ್ಟು ಕಿರುವಿಮಾನಗಳು ತಿಳಿಬೂದಾದುವು. ಅನಂತರ ಉಳಿದ ತಗಡಿನ ಚೂರುಗಳನ್ನು ಪರೀಕ್ಷಿಸಿದವರು ಆ ಬೂದಿನಲ್ಲಿ ಹಳದಿಹಸುರಿನ ಛಾಯೆಯುಂಟೆಂದರು. ಆ ವಾದವು ಇನ್ನೂ ಪೂರ್ಣವಾಗಿ ತಣ್ಣಗಾಗಿಲ್ಲ. ಕೈಪಿಡಿಯ ಲೇಖಕನು ಕಟ್ಟಿದ ಮಾದರಿಯನ್ನೇ ಮಾದರಿಯಾಗಿಟ್ಟುಕೊಂಡು ಕಟ್ಟುವವನು ವಿಮಾನದ ಪ್ರತಿಕೃತಿಯನ್ನು ಕಟ್ಟುತ್ತಿಲ್ಲ, ಪ್ರತಿಕೃತಿಯ ಪ್ರತಿಕೃತಿಯನ್ನು ಕಟ್ಟುತ್ತಿರುವನು. ಅಲ್ಲಿ ಅವನು ಸೌಟಾದನು.

ಇದರಿಂದ ಪಾರಾಗುವ ದಾರಿಯನ್ನು ಹಳಬರಾದ ಹವ್ಯಾಸಿಗಳು ಬಲ್ಲರು. ಅಂಟು ಹಾಕುವ ಮುನ್ನ ಭಾಗವನ್ನು ಭಾಗಕ್ಕೆ ಒಣದಾಗಿ ಹಚ್ಚಿ ನೋಡುವುದು ಅವರ ನಿತ್ಯಕರ್ಮ. ಕೈಪಿಡಿಯು ಒಂದು ಮಿಲಿಮೀಟರ್ ಹೆರೆಯಿರಿ ಎಂದಿದ್ದರೂ ಅವರು ಅರ್ಧ ಹೆರೆದು, ಹಚ್ಚಿ ನೋಡಿ, ಬೇಕಾದರೆ ಮತ್ತೆ ಹೆರೆಯುವರು. ಶಬ್ದಪ್ರಮಾಣವನ್ನು ಪ್ರತ್ಯಕ್ಷದಿಂದ ಒರೆಹಚ್ಚುವುದೆಂದರೆ ಇದೇ. ಒಲ್ಲೆನೆನ್ನುವ ಶಕ್ತಿಯು ಅವರ ಬೆರಳ ತುದಿಯಲ್ಲಿದೆ. ಇಂಥವರಿಗೆ ಕೈಪಿಡಿ ಎಷ್ಟಿದ್ದರೂ ಕೇಡಿಲ್ಲ.

ತನ್ನ ಸಂತೋಷಕ್ಕಾಗಿ ಕಟ್ಟುವವನು ತಪ್ಪು ಮಾಡಿದರೂ ಯಾರಿಗೇನು ನಷ್ಟ, ಪುಸ್ತಕವಿಲ್ಲದೆಯೇ ಆಡಲಿ ಎಂದು ಹೇಳುವರು. ಬಹುಮಟ್ಟಿಗೆ ಒಪ್ಪತಕ್ಕ ಮಾತೇ. ಆದರೆ ಮಾದರಿಯ ಸತ್ಯವು ಕಟ್ಟುವವನ ಸ್ವಂತ ಸೊತ್ತಾಗಿರದ ಪ್ರಸಂಗವೊಂದು ಚರಿತ್ರೆಯಲ್ಲಿ ನಡೆಯಿತು. ೧೯೪೨ರಲ್ಲಿ ಅಮೆರಿಕದ ನೌಕಾಪಡೆಯು ಅಲ್ಲಿನ ಶಾಲೆಗಳ ವಿದ್ಯಾರ್ಥಿಗಳನ್ನು ೭೨ರಲ್ಲಿ ೧ರ ಪ್ರಮಾಣದ ಮರದ ವಿಮಾನಗಳನ್ನು ಕೆತ್ತಿಕೊಡಬೇಕೆಂದು ಕೇಳಿತು. ಕೇಳಿದ ಸಂಖ್ಯೆ ಐದು ಲಕ್ಷ. ಸ್ವಪಕ್ಷದ ಮತ್ತು ಶತ್ರುಪಕ್ಷದ ವಿಮಾನಗಳನ್ನು ಆಕಾರದಿಂದಲೇ ಗುರುತಿಸಲು ಸೈನಿಕರಿಗೆ ಕಲಿಸುವುದು ಉದ್ದೇಶ. ಮೂವತ್ತೈದು ಅಡಿ ದೂರದಲ್ಲಿ ತೂಗುಹಾಕಿದ ಅಂಥ ಮಾದರಿಯು ಸುಮಾರು ಅರ್ಧ ಮೈಲಿಯ ದೂರದಲ್ಲಿ ಹಾರುವ ನಿಜವಿಮಾನದಷ್ಟೇ ಕಾಣುವುದು. ಮೈಗೆ ಕಪ್ಪು ಬಣ್ಣ; ಅಲಂಕಾರವಿಲ್ಲ; ಆಕಾರವೇ ಎಲ್ಲ. ಮಕ್ಕಳಿಗೆ ನಕ್ಷೆಗಳನ್ನೂ, ಅಡ್ಡಕೊಯ್ತಕ್ಕೆ ಹಿಡಿದು ನೋಡುವ ಅಚ್ಚುಪಟ್ಟಿಗಳನ್ನೂ ಕೊಟ್ಟಿದ್ದರು. ರೆಕ್ಕೆಯ ತುದಿಯನ್ನು ತನಗೆ ಚೆಂದ ಕಂಡಂತೆ ದುಂಡಗೆ ಮಾಡಿದ ಬಾಲಕನ ತಪ್ಪಿನಿಂದ, ಎಲ್ಲಿಯೋ ಸಮುದ್ರದ ಮೇಲೆ ಫಿರಂಗಿಯ ಹಿಂದೆ ನಿಂತವನು ತನ್ನವನನ್ನೇ ಹೊಡೆದುರುಳಿಸಬಹುದಾಗಿತ್ತು. ಅಲ್ಲಿ ನಕ್ಷೆಯನ್ನು ಮೀರುವ ಹಕ್ಕು ಯಾರಿಗೂ ಇರಲಿಲ್ಲ. ವಿಚಾರಿಸಿದರೆ ಅಲ್ಲಿಯೂ ಕೊಟ್ಟದ್ದು ವಸ್ತುವಿನ ಅಳತೆಯನ್ನೇ; ಕೈ ಹೇಗೆ ಆಡಬೇಕೆಂಬ ಅಪ್ಪಣೆಯನ್ನಲ್ಲ. ಉಳಿಯನ್ನು ಹಿಡಿಯುವ ಬಗೆಯನ್ನು ಮಕ್ಕಳು ಮರದಿಂದಲೂ ಉಪಾಧ್ಯಾಯರಿಂದಲೂ ಕಲಿಯಬೇಕಾಗಿದ್ದಿತು.

ಕ್ಯಾಮೆಲ್ ವಿಮಾನದ ಚರಿತ್ರೆಯಲ್ಲಿಯೇ ಈ ಪ್ರಶ್ನೆಗೆ ಹತ್ತಿರವಾದ ಸಂಗತಿಯೊಂದಿದೆ. ಅದರ ಎಂಜಿನು ಪಂಖದ ಜೊತೆಗೆ ತಾನೂ ಇಡಿಯಾಗಿ ಗಿರ್ರನೆ ಸುತ್ತುತ್ತಿದ್ದಿತು. ಆ ಸುತ್ತಿನ ವೇಗದಿಂದ ವಿಮಾನವನ್ನು ಬಲಕ್ಕೆ ತಿರುಗಿಸಿದರೆ ಮೂತಿ ಕೆಳಕ್ಕೆ ಬೀಳುವುದು, ಎಡಕ್ಕೆ ತಿರುಗಿಸಿದರೆ ಮೇಲಕ್ಕೆ ಏಳುವುದು. ಪೀಠವಾದರೋ ಒಂದೇ. ಕಲಿಯುವ ತರುಣನು ನೆಲದ ಮೇಲೆ ಮಾತುಗಳನ್ನು ಕೇಳಿಕೊಂಡು, ಒಬ್ಬನೇ ಮೇಲೇರಬೇಕು. ಹಾಗೆ ಏರಿದವರಲ್ಲಿ ಅನೇಕರು ಯುದ್ಧವನ್ನು ನೋಡದೆಯೇ ಶಿಕ್ಷಣದ ಮೈದಾನದಲ್ಲಿ ಮಡಿದರು. ಕೊನೆಗೆ ಕೆಲವು ಕ್ಯಾಮೆಲ್‌ಗಳನ್ನು ಎರಡು ಪೀಠದವನ್ನಾಗಿ ಮಾರ್ಪಡಿಸಿ, ಗುರುವು ಜೊತೆಯಲ್ಲಿ ಕುಳಿತು ಕಲಿಸುವಂತೆ ಮಾಡಿದರು. ಅದೇ ಕಾಲದಲ್ಲಿ, ೧೯೧೭ರಲ್ಲಿ, ಇಂಗ್ಲೆಂಡಿನ ಗಾಸ್‌ಪೋರ್ಟಿನಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿಯು ಹಾರಾಟದ ಶಿಕ್ಷಣಕ್ರಮವನ್ನೇ ಬದಲಿಸಿದನು. ಅಪಾಯಕರವಾದ ಚಲನೆಗಳನ್ನು ಮಾಡಕೂಡದೆಂದು ವಿಧಿಸುವುದನ್ನು ಬಿಟ್ಟು, ಶಿಷ್ಯನನ್ನು ಬೇಕೆಂದೇ ಆ ಅಪಾಯದೊಳಕ್ಕೆ ಕರೆದೊಯ್ದು, ಅದು ಏಕೆ ಒದಗಿತು, ಹೇಗೆ ಬಿಡಿಸಿಕೊಳ್ಳಬೇಕು ಎಂಬುದನ್ನು ಅವನ ಕೈಯಿಂದಲೇ ಮಾಡಿಸಿ ತೋರಿಸಿದನು. ಗುರುಶಿಷ್ಯರ ನಡುವೆ ಮಾತಿಗೆ ಒಂದು ಕೊಳವೆ. ಹಿಡಿಕೆಯು ಶಿಷ್ಯನ ಕೈಯಲ್ಲಿಯೇ ಇರುತ್ತಿದ್ದಿತು. ಕೈಪಿಡಿಗಳನ್ನು ಬರೆಯುವವರು ಈ ಕೊಳವೆಯನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಇನ್ನು ಒಂದು ಮಾತು ಉಳಿದಿದೆ. ಹವ್ಯಾಸಿಗಳು ಅದನ್ನು ತಮ್ಮೊಳಗೇ ನಗುತ್ತ ಆಡಿಕೊಳ್ಳುವರು, ಆದರೆ ಅದು ಅಷ್ಟೇನೂ ನಗುವ ಮಾತಲ್ಲ. ಕಟ್ಟಿದ ವಿಮಾನಗಳಿಗಿಂತ ಕಟ್ಟದೆ ಕೂಡಿಟ್ಟ ಪೆಟ್ಟಿಗೆಗಳೇ ಅನೇಕರ ಮನೆಯಲ್ಲಿ ಹೆಚ್ಚು. ತಯಾರಿಸಿದ ಸಂಸ್ಥೆಯು ಮುಚ್ಚಿಹೋದ ಮೇಲಂತೂ ಪೆಟ್ಟಿಗೆಯು ಮತ್ತೆ ಸಿಗದ ವಸ್ತುವಾಗುವುದು; ತಪ್ಪಿ ಕತ್ತರಿಸಿದರೆ ಬದಲಿ ಭಾಗವಿಲ್ಲ. ಆಗ ಒಡೆಯನು ಮೊದಲು ಒಂದು ಕೈಪಿಡಿಯನ್ನು ತರಿಸುವನು. ಅದನ್ನು ಓದಿದ ಮೇಲೆ ತಂತಿಗಳ ವಿಷಯದಲ್ಲಿ ಸಂದೇಹ ಹುಟ್ಟಿ ಇನ್ನೊಂದನ್ನು ತರಿಸುವನು. ಬಣ್ಣದ ವಿಷಯದಲ್ಲಿ ಇವೆರಡಕ್ಕೂ ಭಿನ್ನಾಭಿಪ್ರಾಯವಿರಲು ಮೂರನೆಯದು. ಅರಿವು ಪೂರ್ಣವಾದ ದಿನ ಪ್ರಾರಂಭಿಸೋಣವೆಂದು ಅವನ ಸಂಕಲ್ಪ. ಅರುವತ್ತು ದಾಟಿದ ಮೇಲೆ ಕಣ್ಣು ಮಂಜಾಗುವುದು, ಬೆರಳು ನಡುಗುವುದು. ಆ ಬೆರಳಿಗೆ ಸರಿಹೋಗುವ ಉಪಾಯವೇನಾದರೂ ಉಂಟೆಂದು ಮತ್ತೆ ಪುಸ್ತಕದಲ್ಲಿ ಹುಡುಕುವನು. ಅಜ್ಞಾನದಿಂದ ಕೆಟ್ಟ ಕಿಟ್ಟುಗಳೂ ಇದ್ದಾವು. ಹೀಗೆ ಜ್ಞಾನದ ನಿರೀಕ್ಷೆಯಲ್ಲಿಯೇ ಕಳೆದುಹೋದವು ಅವಕ್ಕಿಂತ ಹೆಚ್ಚೆಂದು ಹೇಳಿದರೆ ಹವ್ಯಾಸಿಗಳಾರೂ ಸಿಟ್ಟಾಗಲಾರರು. ಅವನ ತರುವಾಯ ಮಕ್ಕಳು ಕಪಾಟನ್ನು ತೆರೆದು, ಪೆಟ್ಟಿಗೆಗಳನ್ನೂ ಪುಸ್ತಕಗಳನ್ನೂ ಒಟ್ಟಿಗೆ ಕಟ್ಟಿ ಮಾರುವರು. ಕೊಂಡವನು ಬಿಚ್ಚಿ ನೋಡಿದಾಗ ಪೆಟ್ಟಿಗೆಯ ಒಳಗಿನ ಚೀಲಗಳು ಕಾರ್ಖಾನೆಯಲ್ಲಿ ಮುಚ್ಚಿದ ಹಾಗೆಯೇ ಇರುವುವು. ಕೈಪಿಡಿಯಲ್ಲಿ ತಂತಿಗಳ ಅಧ್ಯಾಯವಿರುವ ಪುಟಗಳ ಅಂಚು ಮಾತ್ರ ಬೆರಳು ತಾಗಿ ತಾಗಿ ಕಪ್ಪಾಗಿರುವುದು.